ಆಹಟ್ ಅನ್ನೋ ಹಿಂದಿ ಹಾರರ್ ಸೀರಿಯಲ್ ನೋಡಿ ಹೆದರಿದವರು ಯಾರೆಲ್ಲಾ ಇದ್ದೀರಿ? ಹಳೇದು ಯಾಕೆ ಅಷ್ಟು ಹೆದರಿಸ್ತಿತ್ತು, ಆಮೇಲೆ ಬಂದಿದ್ದು ಯಾಕೆ ಹೆದರಿಸ್ಲಿಲ್ಲ?

ಪರೇಲ್ ಮೂರನೇ ಮಹಡಿ:
ಮೊನ್ನೆ ರಾತ್ರಿ ನಿದ್ದೆ ಹತ್ತಲಿಲ್ಲ, ಯೂಟ್ಯೂಬಲ್ಲಿ ಆಹಟ್ ಹಾಕ್ದೆ. 1995ರಲ್ಲಿ ಸೋನಿ ಚಾನೆಲ್ ಬಂದ ಹೊಸದರಲ್ಲಿ ಶುರುವಾಯ್ತಲ್ಲ, ಆ ಮೊದಲನೇ ಸೀಸನ್. ಒಂದು ಎಪಿಸೋಡ್ ನೋಡಿ ಮಲಗೋಣ ಅಂದ್ಕೊಂಡವನು ಮೂರು ನೋಡಿದೆ, ಆಮೇಲೆ ಬಾಲ್ಕನಿ ಬಾಗಿಲಿನ ಚಿಲಕ ಸರಿಯಾಗಿ ಹಾಕಿದೀನಾ ಅಂತ ಎರಡು ಸಲ ಎದ್ದು ನೋಡ್ಕೊಂಡು ಬಂದೆ. ಅಷ್ಟು ಹಳೇ ಸೀರಿಯಲ್ಲು, ಪಿಕ್ಚರ್ ಮಸುಕು, ಗ್ರಾಫಿಕ್ಸ್ ಹೆಸರಿಗಷ್ಟೇ, ಆದ್ರೂ ಮೈ ಜುಮ್ ಅಂತು. ಅದಕ್ಕೇ ಇಲ್ಲಿ ಕೇಳ್ತಿದೀನಿ, ಮುಂಬೈ ಪುಣೆ ಗೋವಾ ಕಡೆ ಬೆಳೆದ ನಮ್ಮವರು ಇದನ್ನ ಹೇಗೆ ನೋಡಿದ್ರಿ, ಏನು ಇನ್ನೂ ತಲೇಲಿ ಕೂತಿದೆ.

ನಮ್ದು ಪರೇಲಿನ ಚಾಳು. ಒಂದು ಖೋಲಿ, ಮುಂದೆ ಉದ್ದಕ್ಕೆ ಗ್ಯಾಲರಿ, ಗ್ಯಾಲರಿ ಕೊನೇಲಿ ಇಡೀ ಮಹಡಿಗೆ ಸೇರಿ ನಾಲ್ಕು ಸಂಡಾಸು. ಮಹಡೀಲಿ ಕೇಬಲ್ ಇದ್ದದ್ದು ಎರಡೇ ಮನೇಲಿ, ಅದರಲ್ಲಿ ಒಂದು ನಮ್ದು. ಅಪ್ಪ ಹೋಟೆಲಲ್ಲಿ ಕ್ಯಾಷಿಗೆ ಕೂರ್ತಿದ್ರು, ಬರೋದು ರಾತ್ರಿ ಹನ್ನೆರಡಾಗೋದು, ಅಮ್ಮನಿಗೆ ಹೊತ್ತು ಹೋಗ್ಲಿ ಅಂತ ಹಾಕ್ಸಿದ್ರು. ಆಹಟ್ ಇದ್ದ ದಿನ ಖೋಲಿ ತುಂಬಾ ಜನ, ಮಾಳಾ ಅಂದ್ರೆ ಅಟ್ಟ, ಅದರ ಮೇಲೆ ನಾವು ನಾಲ್ಕೈದು ಹುಡುಗ್ರು ಹೊಟ್ಟೆ ಮೇಲೆ ಮಲಗಿ ತಲೆ ಕೆಳಗೆ ಇಳಿಬಿಟ್ಟು ನೋಡೋದು, ಕೆಳಗೆ ಹೆಂಗಸರು, ಬಾಗಿಲಲ್ಲಿ ಗಂಡಸರು ನಿಂತೇ. ಲೈಟ್ ಆರಿಸ್ಲೇಬೇಕು. ಅಷ್ಟು ಜನ ಇದ್ರೂ ಒಂದು ಉಸಿರೂ ಕೇಳ್ತಿರ್ಲಿಲ್ಲ.

ಕಷ್ಟ ಇದ್ದದ್ದು ಮುಗಿದ ಮೇಲೆ. ಮಲಗೋ ಮುಂಚೆ ಸಂಡಾಸಿಗೆ ಹೋಗ್ಬೇಕಲ್ಲ. ಡಬ್ಬಾ ಹಿಡ್ಕೊಂಡು ಆ ಗ್ಯಾಲರಿ ಪೂರ್ತಿ ದಾಟ್ಬೇಕು, ನೆಲ ಮರದ ಹಲಗೆದು, ಕಾಲಿಟ್ಟಲ್ಲಿ ಕಿರ್ರ್ ಅನ್ನೋದು, ಎರಡು ಹೆಜ್ಜೆ ಮುಂದೆ ಹೋದ್ಮೇಲೆ ಹಿಂದೆ ಬಿಟ್ಟ ಹಲಗೆ ತನ್ನಷ್ಟಕ್ಕೆ ಮತ್ತೆ ಕಿರ್ರ್ ಅನ್ನೋದು. ಯಾರೋ ಹಿಂದೇನೇ ಬಂದ ಹಾಗೆ. ಅಮ್ಮ ಖೋಲಿ ಬಾಗಿಲಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿರೋರು, ನಿಂತಲ್ಲೇ ಯಾವ್ದಾದ್ರೂ ದಾಸರ ಪದ ಗುನುಗೋರು, ಅದು ಕಿವಿಗೆ ಬೀಳ್ತಾ ಇರೋವರೆಗೆ ನಾನು ಒಳಗೆ ಕೂತಿರ್ತಿದ್ದೆ.

ಆಹಟ್ ಅಂದ್ರೇನೇ ಹೆಜ್ಜೆ ಸಪ್ಪಳ. ನನಗನ್ಸೋದು ಅದು ಹೆಸರಿಗೆ ತಕ್ಕ ಹಾಗೆ ನಡ್ಕೊಂಡಷ್ಟು ದಿನ ಹೆದರಿಸ್ತು, ಮುಖ ತೋರ್ಸೋಕೆ ಶುರು ಮಾಡಿದ್ಮೇಲೆ ಮುಗೀತು. ನಿಮಗೆಲ್ಲಾ ಏನನ್ಸುತ್ತೆ?

ಹಡಪ್ಸರ್ ನೈಟ್ ಶಿಫ್ಟ್:
ನಾನು 1998ರಲ್ಲಿ ಹುಟ್ಟಿದವನು, ಹಾಗಾಗಿ ನನಗೆ ಆಹಟ್ ಅಂದ್ರೆ 2009-10ರದ್ದು. ಅದಕ್ಕೇ ಹೆದರಿ ಒಂದು ವಾರ ಅಕ್ಕನ ಪಕ್ಕ ಮಲಗಿದ್ದೆ. ಹಳೇದು ಮಾತ್ರ ಒಳ್ಳೇದು ಅನ್ನೋದು ನಂಗೆ ಒಪ್ಪಿಗೆ ಇಲ್ಲ ಅಣ್ಣ, ಎಲ್ಲರಿಗೂ ಅವರವರ ಚಿಕ್ಕ ವಯಸ್ಸಲ್ಲಿ ಬಂದ ಸೀಸನ್ನೇ ಬೆಸ್ಟು.

ಮಾಟುಂಗಾ ಅಕ್ಕ:
ವಯಸ್ಸಿನ ಮಾತು ಇದೆ, ಆದ್ರೆ ಬರೀ ಅದೇ ಅಲ್ಲ ಕಣಪ್ಪ. ನಾನು ಮೊದಲನೇ ಸೀಸನ್ ನೋಡುವಾಗ ಮದುವೆಯಾಗಿ ಎರಡು ವರ್ಷ, ಮೈಸೂರಿಂದ ಬಂದವಳು, ಚಿಕ್ಕ ಮಗು ಏನಲ್ಲ, ಆದ್ರೂ ಹೆದರ್ತಿದ್ದೆ.

ನಾನು ಗಮನಿಸಿದ್ದು ಬೇರೆ ಒಂದಿದೆ. ಅಂಥಾ ಕಥೆಗಳಲ್ಲಿ ದೆವ್ವ ಅನ್ನೋದು ಎಷ್ಟೋ ಸಲ ಒಬ್ಬ ಹೆಂಗಸು, ಅವಳಿಗೆ ಹಿಂದೆ ಅನ್ಯಾಯ ಆಗಿರುತ್ತೆ. ಗಂಡನೋ ಮನೆ ಯಜಮಾನನೋ ಕೊಂದು ಗೋಡೆಯೊಳಗೋ ಬಾವಿಗೋ ಹಾಕಿರ್ತಾನೆ. ನಮ್ಮ ಬಿಲ್ಡಿಂಗಲ್ಲಿ ಆರು ಜನ ಹೆಂಗಸರು ಕೂತು ನೋಡ್ತಿದ್ವಿ, ದೆವ್ವ ಬಂದಾಗ ಕಣ್ಣು ಮುಚ್ಕೊಳ್ಳೋರು ಫ್ಲಾಶ್‌ಬ್ಯಾಕ್ ಶುರುವಾದ ತಕ್ಷಣ ಕಣ್ಣು ಬಿಟ್ಟು ಮುಂದಕ್ಕೆ ಬಾಗಿ ಕೂರೋರು. ಕೊನೇಲಿ ಅವಳು ಸೇಡು ತೀರಿಸ್ಕೊಂಡಾಗ ಪಕ್ಕದ ಮನೆ ಆಯಿ ಒಬ್ರು "ಬರಂ ಝಾಲಂ", ಒಳ್ಳೇದಾಯ್ತು ಅಂತ ಮರಾಠೀಲಿ ಗಟ್ಟಿಯಾಗೇ ಅನ್ನೋರು. ಅವರ ಸೊಸೆ ಅಲ್ಲೇ ಕೂತಿರೋಳು. ಆಗಿನ ಪೇಪರಲ್ಲಿ ಸ್ಟೋವ್ ಸಿಡಿದು ಸೊಸೆ ಸತ್ತಳು ಅನ್ನೋ ಸುದ್ದಿ ಇಲ್ಲದ ವಾರ ಇರ್ತಿರ್ಲಿಲ್ಲ. ಹಾಗಾಗಿ ನಮಗೆ ಆ ಕಥೆ ಬರೀ ಕಥೆಯಾಗಿ ಕಾಣ್ತಿರ್ಲಿಲ್ಲ. ಆಮೇಲಾಮೇಲೆ ಬಂದ ಮುಖ ಸುಟ್ಟ ರಾಕ್ಷಸ, ಮೂಳೆ ತಿನ್ನೋನು, ಹಾರೋ ಮಾಟಗಾತಿ, ಇವರಿಗೆಲ್ಲಾ ಹಿಂದೆ ಮುಂದೆ ಇಲ್ಲ. ಅವರು ಯಾರು, ಯಾಕೆ ಬಂದ್ರು ಅಂತ ಕೇಳೋ ಆಸಕ್ತಿನೇ ನನಗೆ ಹುಟ್ಟಲಿಲ್ಲ.

ಕಟಪಾಡಿ ಟು ಕಾಂದಿವಲಿ:
ಮಾರಾಯ್ರೆ ಒಳ್ಳೆ ವಿಷಯ ತೆಗೆದ್ರಿ. ನಾನು 1997ರಲ್ಲಿ ಊರಿಂದ ಬಂದದ್ದು, ಫೋರ್ಟಲ್ಲಿ ಒಂದು ಹೋಟೆಲಿಗೆ ಸೇರಿದೆ, ಹಗಲಿಗೆ ಟೇಬಲ್ ಒರೆಸುವುದು, ಸಂಜೆ ನೈಟ್ ಸ್ಕೂಲು, ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಅದೇ ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು. ಗಲ್ಲಾದ ಮೇಲೆ ಒಂದು ಟೀವಿ ಇತ್ತು. ಧಣಿಗಳು ಮೇಲಿನ ಮಾಳಿಗೆಯಲ್ಲಿ ಮಲಗುತ್ತಿದ್ದರು, ಎಚ್ಚರ ಆದ್ರೆ ಬೈಗುಳ, ಅದಕ್ಕೆ ವಾಲ್ಯೂಮ್ ಒಂದು ಗೆರೆ ಮಾತ್ರ ಇಡುವುದು. ಕೇಳಬೇಕಾದ್ರೆ ಎಲ್ಲರೂ ಟೀವಿಯ ಬುಡದಲ್ಲಿ ಮುಖ ಮೇಲೆ ಮಾಡಿ ನಿಲ್ಲಬೇಕು. ಆ ಸಣ್ಣ ಸ್ವರದಲ್ಲಿ ಬಾಗಿಲು ಕಿರ್ ಅಂದ್ರೆ ಅದು ಟೀವಿದಾ ನಮ್ಮ ಹಿಂದಿನ ಅಡಿಗೆಕೋಣೆದಾ ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಒಬ್ಬ ಕುಂದಾಪುರದ ಮಾಣಿ ಇದ್ದ, ಆ ದಿವಸ ಮಾತ್ರ ಅವ ಟೇಬಲ್ ಬಿಟ್ಟು ನನ್ನ ಪಕ್ಕ ಬಂದು ಮಲಗುವುದು, ಬೇಡ ಅಂದ್ರೂ ಕೇಳ್ತಿರ್ಲಿಲ್ಲ.

ಆದ್ರೆ ಒಂದು ವಿಚಾರ ನನ್ನ ತಲೆಯಲ್ಲಿ ಆವಾಗಿಂದ ಉಂಟು. ನಮ್ಮ ಕಡೆ ಭೂತ ಅಂದ್ರೆ ಹೆದರಿ ಓಡುವುದಲ್ಲ, ಕೈ ಮುಗಿಯುವುದು, ಕೋಲ ಕೊಡುವುದು, ಮನೆಯ ತಕರಾರು ಅದರ ಎದುರು ಹೇಳಿಕೊಳ್ಳುವುದು. ಸತ್ತವರಿಗೆ ನಾವು ಕುಲೆ ಅಂತೇವೆ. ಆ ಕುಲೆಗೂ ಬಡಿಸುವ ಕ್ರಮ ಉಂಟು. ಮದುವೆ ಆಗದೆ ಸತ್ತ ಮಕ್ಕಳಿಗೆ ಎಷ್ಟೋ ವರ್ಷ ಆದ ಮೇಲೆ ಆಟಿ ತಿಂಗಳಲ್ಲಿ ಸಂಬಂಧ ನೋಡಿ ಮದುವೆ ಮಾಡಿಸ್ತಾರೆ, ಎರಡೂ ಕಡೆಯವರು ಕೂತು ಊಟ ಮಾಡ್ತಾರೆ, ಆಮೇಲೆ ಬೀಗರು ಬೀಗರೇ. ಅಂಥಲ್ಲಿ ಬೆಳೆದವನಿಗೆ ಹಿಂದಿ ಸೀರಿಯಲಲ್ಲಿ "ಭೂತ್ ಭೂತ್" ಅಂತ ಕಿರುಚುವಾಗ ಎಂತ ಇದು ಅಂತ ಆಗ್ತಿತ್ತು. ಹಾಗಿದ್ರೂ ನಾನು ಹೆದರಿದೆ, ಅದು ಹೌದು. ಯಾಕೆ ಅಂದ್ರೆ ಊರಲ್ಲಿ ಸತ್ತವರು ಯಾರು ಅಂತ ನಮಗೆ ಗೊತ್ತು, ಅವರ ಹೆಸರು ಗೊತ್ತು, ಎಂತ ಇಷ್ಟ ಅಂತ ಸಾ ಗೊತ್ತು. ಮುಂಬೈಯಲ್ಲಿ ನಾನು ಮಲಗಿದ ಜಾಗದಲ್ಲಿ ನನಗಿಂತ ಮುಂಚೆ ಯಾರು ಮಲಗಿದ್ದರು, ಅವರು ಊರಿಗೆ ಹೋದರಾ ಇಲ್ಲೇ ತೀರಿಹೋದರಾ, ಯಾರಿಗೂ ಗೊತ್ತಿಲ್ಲ. ಆಹಟಿನ ಕಥೆ ತುಂಬಾ ಹಾಗೇ ಅಲ್ವಾ, ಹೊಸ ಬಾಡಿಗೆ ಮನೆ, ಅಗ್ಗಕ್ಕೆ ಸಿಕ್ಕಿತು, ಮುಂಚೆ ಇದ್ದವರ ವಿಷಯ ಯಾರೂ ಹೇಳುವುದಿಲ್ಲ. ಅದು ನಮ್ಮದೇ ಕಥೆ.

ಪರೇಲ್ ಮೂರನೇ ಮಹಡಿ:
ಅಣ್ಣ ನೀವು ಹೇಳಿದ್ದು ಎರಡು ಸಲ ಓದಿದೆ. ಬಾಡಿಗೆ ಮನೆ ವಿಚಾರ ನನಗೆ ಯಾವತ್ತೂ ಹೊಳೆದಿರ್ಲಿಲ್ಲ. ನಮ್ಮ ಖೋಲೀಲಿ ಗೋಡೆ ಮೇಲೆ ಪೆನ್ಸಿಲಲ್ಲಿ ಯಾರೋ ಮಕ್ಕಳ ಎತ್ತರ ಅಳೆದು ಗೆರೆ ಹಾಕಿದ್ರು, ಸುಣ್ಣ ಹೊಡೆದ್ರೂ ಮತ್ತೆ ಕಾಣೋದು. ಅವರು ಯಾರು ಅಂತ ಅಪ್ಪನಿಗೂ ಗೊತ್ತಿರ್ಲಿಲ್ಲ.

ಸೌಂಡ್ ಅಂಧೇರಿ:
ನಾನು ಅಂಧೇರೀಲಿ ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದಲ್ಲಿ ಸೌಂಡ್ ಎಡಿಟಿಂಗ್ ಮಾಡ್ತೀನಿ, ಹನ್ನೊಂದು ವರ್ಷ ಆಯ್ತು. ಆಹಟಲ್ಲಿ ಕೆಲಸ ಮಾಡಿಲ್ಲ, ಆದ್ರೆ ಕಲಿಯುವಾಗ ಅದರ ಹಳೇ ಎಪಿಸೋಡ್ ಕಣ್ಣು ಮುಚ್ಕೊಂಡು ಕೇಳಿದೀನಿ. ಅದು ಯಾಕೆ ಕೆಲಸ ಮಾಡುತ್ತೆ ಅಂತ ನನಗೆ ತಿಳಿದಷ್ಟು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಆವಾಗಿನ ಟೀವಿಯ ಸ್ಪೀಕರ್ ಅಂಗೈಯಷ್ಟು ಇರೋದು. ಅದರಲ್ಲಿ ಬೇಸ್ ಅನ್ನೋದು ಬರೋದೇ ಇಲ್ಲ. ಥಿಯೇಟರಲ್ಲಿ ಎದೆ ನಡುಗಿಸೋ ಗುಡುಗು ಹಾಕಿದ್ರೆ ಆ ಟೀವೀಲಿ ಡಬ್ಬಾ ಬಡಿದ ಹಾಗೆ ಕೇಳುತ್ತೆ. ಅಂಥಾ ಸ್ಪೀಕರಲ್ಲಿ ಸ್ಪಷ್ಟವಾಗಿ ಬರೋದು ಮಧ್ಯದ ಮತ್ತೆ ಮೇಲಿನ ಶಬ್ದ, ಅಂದ್ರೆ ಬಾಗಿಲು ತಿರುಗಣಿ, ಗೆಜ್ಜೆ, ನಲ್ಲಿ ತೊಟ್ಟಿಕ್ಕೋದು, ಗಡಿಯಾರ, ಚಪ್ಪಲಿ. ಮನೇಲಿ ದಿನಾ ಇರೋ ಶಬ್ದಗಳೇ. ಹಾಗಾಗಿ ಸೀರಿಯಲ್ಲಿನ ಶಬ್ದಕ್ಕೂ ನಿಮ್ಮ ಮನೆ ಶಬ್ದಕ್ಕೂ ವ್ಯತ್ಯಾಸ ಇರ್ತಿರ್ಲಿಲ್ಲ, ಸೀರಿಯಲ್ ಮುಗಿದ್ರೂ ಆ ಶಬ್ದ ಮನೇಲೇ ಉಳೀತಿತ್ತು. ಕಟಪಾಡಿ ಅಣ್ಣ ಹೇಳಿದ್ದು ಅದೇ, ಟೀವಿದಾ ಅಡಿಗೆಕೋಣೆದಾ ಗೊತ್ತಾಗಲ್ಲ.

ಇನ್ನೊಂದು, ಸುಮ್ಮನಿರೋದು. ನಾವು ಶೂಟಿಂಗಲ್ಲಿ ರೂಮ್ ಟೋನ್ ಅಂತ ತಗೋತೀವಿ. ಯಾರೂ ಅಲ್ಲಾಡಬಾರ್ದು, ಫ್ಯಾನ್ ಬಂದ್, ಅರ್ಧ ನಿಮಿಷ ಆ ಕೋಣೆ ಖಾಲಿ ಇದ್ದಾಗ ಹೇಗೆ ಕೇಳುತ್ತೋ ಹಾಗೇ ರೆಕಾರ್ಡ್ ಮಾಡ್ತೀವಿ. ಖಾಲಿ ಕೋಣೆಗೂ ಒಂದು ಸ್ವರ ಇರುತ್ತೆ. ಹೆದರಿಸೋ ಮುಂಚೆ ಆ ಸ್ವರ ಕೆಲವು ಸೆಕೆಂಡ್ ಇರ್ಲೇಬೇಕು, ಆವಾಗ ನೋಡೋನು ತಾನಾಗೇ ಕಿವಿ ಕೊಡ್ತಾನೆ. ಕಿವಿ ಕೊಟ್ಟವನಿಗೆ ಒಂದು ಹೆಜ್ಜೆ ಸಾಕು. ಈಗ ಏನಾಗಿದೆ ಅಂದ್ರೆ ಒಂದು ಸೆಕೆಂಡ್ ಖಾಲಿ ಬಿಟ್ರೂ ಚಾನೆಲ್ ಬದಲಾಯಿಸ್ತಾರೆ ಅನ್ನೋ ಭಯ, ಎಪಿಸೋಡ್ ಪೂರ್ತಿ ಮ್ಯೂಸಿಕ್ ತುಂಬ್ತಾರೆ, ದೆವ್ವ ಬರೋ ಮುಂಚೆ ಮ್ಯೂಸಿಕ್ಕೇ ಬಂದು ಹೇಳುತ್ತೆ ಈಗ ಬರ್ತಿದೆ ಅಂತ. ಕಿರುಚಿದ್ರೆ ಬೆಚ್ಚಿಬೀಳ್ತೀವಿ, ನಿಜ, ಅದು ಪಟಾಕಿ ಹೊಡೆದ್ರೂ ಬೀಳ್ತೀವಿ. ಅದು ಹೆದರಿಕೆ ಅಲ್ಲ, ಮಲಗೋವರೆಗೂ ಉಳಿಯಲ್ಲ.

ಇದನ್ನ ಮಾಡಿದ ಬಿ. ಪಿ. ಸಿಂಗ್ ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಲ್ಲಿ ಕ್ಯಾಮೆರಾ ಕಲಿತವರು, ಮುಂಬೈ ದೂರದರ್ಶನದಲ್ಲಿ ನ್ಯೂಸ್ ಕ್ಯಾಮೆರಾಮನ್ ಆಗಿದ್ದವರು, 1998ರಲ್ಲಿ ಸಿಐಡಿ ಅನ್ನೋ ಪತ್ತೇದಾರಿ ಸೀರಿಯಲ್ ಶುರು ಮಾಡಿದವರೂ ಅವರೇ. 2004ರಲ್ಲಿ ಸಿಐಡಿಯ ಒಂದು ಎಪಿಸೋಡನ್ನ 111 ನಿಮಿಷ ಕಟ್ ಇಲ್ಲದೆ ಒಂದೇ ಶಾಟಲ್ಲಿ ತೆಗೆದ್ರು. ಅಂಥವರಿಗೆ ಕ್ಯಾಮೆರಾ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರುತ್ತೆ. ಶುರೂನಲ್ಲಿ ಬಂದ ಎಷ್ಟೋ ಕಥೆ ನೋಡಿ, ಅದರಲ್ಲಿ ದೆವ್ವನೇ ಇಲ್ಲ, ಕೊಲೆ, ಪಾಪಪ್ರಜ್ಞೆ, ಯಾರೋ ಬೇಕಂತ ಹೆದರಿಸ್ತಿರೋದು. ದೆವ್ವ ಇದೆಯೋ ಇಲ್ವೋ ಅಂತ ಕೊನೇವರೆಗೆ ಗೊತ್ತಿರ್ಲಿಲ್ಲ ಅನ್ನೋದೇ ಅದರ ಬಲ.

ಪುಣೇಕರ್ ಇಂಡಿ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಇಂಡಿ ತಾಲೂಕು, ಈಗ ಇಪ್ಪತ್ತು ವರ್ಷ ಪುಣೆದಾಗ. ನೀವೆಲ್ಲಾರೂ ಭಾಳ ಪ್ರೀತಿಲೆ ನೆನಸಾಕತ್ತೀರಿ, ನಾ ಒಂಚೂರು ಬ್ಯಾರೆ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ನಾನೂ ನೋಡೀನಿ. ಆಹಟಿಗಿಂತ ಮೊದಲ 1993ರಾಗ ಝೀ ಹಾರರ್ ಶೋ ಬರ್ತಿತ್ತು, ಹಾರರ್ ಸಿನಿಮಾ ಮಾಡತಿದ್ದ ರಾಮ್ಸೆ ಅಣ್ಣತಮ್ಮರದು, ಒಂದೊಂದು ಕಥಿ ವಾರಗಟ್ಟಲೆ ನಡೀತಿತ್ತು, ಮುಂದಿನ ವಾರದ ತನಕ ನಮ್ಮ ಜೀವ ಬಾಯಾಗ. ಊರಾಗ ಡಿಶ್ ಇದ್ದ ಗೌಡ್ರ ಮನಿ ಮುಂದ ಚಾಪಿ ಹಾಸ್ಕೊಂಡು ಕುಂದ್ರತಿದ್ವಿ. ಆದ್ರ ಅದ ಊರಾಗ ನಮ್ಮ ಕಾಕಾನ ಮಗಳಿಗೆ ಹೆರಿಗಿ ಆದ ಮ್ಯಾಲೆ ತಲಿ ಸರಿ ಇರಲಾರದಂಗ ಆತು, ನಿದ್ದಿ ಇಲ್ಲ, ಕೂಸಿನ್ನ ಮುಟ್ಟವಲ್ಲಳು, ತನ್ನಷ್ಟಕ್ಕ ಮಾತಾಡಾಕಿ. ಡಾಕ್ಟರ್ ಕಡೆ ಒಯ್ಯಬೇಕಾಗಿತ್ತು. ಒಯ್ಯಲಿಲ್ಲ. ಗಾಳಿ ಸೋಂಕೇತಿ ಅಂದ್ರು, ಒಬ್ಬ ಮಂತ್ರ ಹಾಕಾಂವನ ಕಡೆ ಒಯ್ದ್ರು, ಅಂವ ಬೇವಿನ ತಪ್ಪಲದಿಂದ ಹೊಡದ, ಮೆಣಸಿನಕಾಯಿ ಹೊಗಿ ಹಾಕಿದ. ಎಂಟು ದಿನ ಆದ ಮ್ಯಾಲೆ ನಮ್ಮಪ್ಪ ಜಗಳಾ ಮಾಡಿ ವಿಜಾಪುರಕ್ಕ ದವಾಖಾನಿಗೆ ಒಯ್ದ. ಅಕಿ ಈಗ ಆರಾಮ ಅದಾಳ, ಮೊಮ್ಮಕ್ಕಳು ಅದಾವ. ಆದ್ರ ಆ ಎಂಟು ದಿನ ಅಕಿ ಇನ್ನೂ ಮರತಿಲ್ಲ. ಸೀರಿಯಲ್ ನೋಡಿನ ಹಂಗ ಮಾಡಿದ್ರು ಅಂತ ನಾ ಅನ್ನಂಗಿಲ್ಲ, ಈ ನಂಬಿಕಿ ಟೀವಿಗಿಂತ ಭಾಳ ಹಳೇದು. ಆದ್ರ ಆ ಮಂದಿ "ಟೀವಿಯಾಗೂ ತೋರಸ್ತಾರಲ್ಲ" ಅಂದಿದ್ದು ನನ್ನ ಕಿವಿಯಾಗ ಇನ್ನೂ ಐತಿ.

ಇಲ್ಲೇ ಪುಣೆದಾಗ 2013ರ ಆಗಸ್ಟ್ 20ಕ್ಕ ಡಾ. ನರೇಂದ್ರ ದಾಭೋಲ್ಕರ್ ಅವರ್ನ ಮುಂಜಾನೆ ವಾಕಿಂಗ್ ಹೊಂಟಾಗ ಪೂಲ್ ಮ್ಯಾಲೆ ಗುಂಡ ಹಾಕಿ ಕೊಂದ್ರು. ಮೂಢನಂಬಿಕಿ ವಿರುದ್ಧ ಕಾನೂನು ಬರ್ಲಿ ಅಂತ ವರ್ಷಾನುಗಟ್ಟಲೆ ಬಡದಾಡಿದವ್ರು, ಅವ್ರು ಹೋದ ಮ್ಯಾಲೆ ಅದ ವರ್ಷ ಡಿಸೆಂಬರದಾಗ ಮಹಾರಾಷ್ಟ್ರದಾಗ ಕಾನೂನು ಪಾಸಾತು. ನಾ ಆ ಪೂಲ್ ಮ್ಯಾಲಿಂದ ಹೋಗೂ ಮುಂದ ಪ್ರತಿಸಲ ನೆನಸ್ತೀನಿ. ಅದಕ್ಕ ನನಗ ಆಹಟಿನ್ಯಾಗ ಹಿಡಸೂದು ಸೌಂಡ್ ಸರ್ ಹೇಳಿದಂಥಾ ಕಥಿ, ಕಡೀಕ ಮನಷ್ಯಾನ ಮಾಡ್ಯಾನ ಅಂತ ಗೊತ್ತಾಗೂದು. ತಾಯತ ಕಟ್ಟಿದ ಕೂಡ್ಲೆ ದೆವ್ವ ಸುಟ್ಟ ಬೂದಿ ಆಗೂ ಕಥಿ ಬಂದ್ರ ನಾ ಎದ್ದು ಹೋಗ್ತೀನಿ.

ಮಾಟುಂಗಾ ಅಕ್ಕ:
ಸಿಟ್ಟು ಯಾಕೆ ಬರುತ್ತೆ ಸರ್, ಬರೆದಿದ್ದು ಒಳ್ಳೇದಾಯ್ತು. ನಿಮ್ಮ ಅಕ್ಕತಂಗಿಗೆ ಆದದ್ದು ಓದಿ ಹೊಟ್ಟೆ ಕಿವುಚಿದ ಹಾಗಾಯ್ತು. ನಾನು ಮೇಲೆ ಬರೆದ ಮಾತಿಗೂ ಇದಕ್ಕೂ ಸಂಬಂಧ ಇದೆ. ಕಥೇಲಿ ಹೆಂಗಸು ಸತ್ತ ಮೇಲೆ ದೆವ್ವ ಆಗಿ ಬಂದ್ರೆ ಮಾತ್ರ ಅವಳ ಮಾತು ಕೇಳ್ತಾರೆ, ಬದುಕಿರೋ ಹೆಂಗಸು ನರಳಿದ್ರೆ ದೆವ್ವ ಹಿಡಿದಿದೆ ಅಂತಾರೆ.

ಹಡಪ್ಸರ್ ನೈಟ್ ಶಿಫ್ಟ್:
ಸರ್ ಆದ್ರೆ ಕಥೆ ಕಥೇನೇ ಅಲ್ವಾ. 2016ರಲ್ಲಿ ಝೀ ಮರಾಠೀಲಿ ರಾತ್ರೀಸ್ ಖೇಳ್ ಚಾಲೇ ಅನ್ನೋ ದೆವ್ವದ ಸೀರಿಯಲ್ ಬಂದಾಗ್ಲೂ ಕೊಂಕಣದ ಕೆಲವರು ನಮ್ಮ ಊರಿನ ಹೆಸರು ಕೆಡಿಸ್ತಿದಾರೆ, ಮೂಢನಂಬಿಕೆ ಹರಡ್ತಿದಾರೆ ಅಂತ ವಿರೋಧ ಮಾಡಿದ್ರು. ಆಮೇಲೆ ಅದೇ ಸೀರಿಯಲ್ಲು ಮೂರು ಸೀಸನ್ ಓಡ್ತು, ಅದರ ಪಾತ್ರಗಳು ಅಣ್ಣಾ ನಾಯಿಕ್, ಶೇವಂತಾ ಅಂದ್ರೆ ಇವತ್ತಿಗೂ ಎಲ್ಲರಿಗೂ ಗೊತ್ತು. ಜನ ಅದನ್ನ ನಂಬಿ ನೋಡಲಿಲ್ಲ, ಇಷ್ಟಪಟ್ಟು ನೋಡಿದ್ರು.

ಪುಣೇಕರ್ ಇಂಡಿ:
ನೋಡ್ಲಿ ತಮ್ಮಾ, ಬ್ಯಾಡ ಅಂದಿಲ್ಲ. ನಾನೂ ನೋಡ್ತೀನಿ. ಬಂದ್ ಮಾಡ್ರಿ ಅಂದವ ಅಲ್ಲ ನಾನು. ಕಥಿ ಬರಿಯಾಂವಗ ತಾಯತ ಬಿಟ್ಟು ಬ್ಯಾರೆ ಕಡೀ ಹೊಳಿಲಿ ಅಂತಷ್ಟ ನನ್ನ ಆಶಾ.

ಮುಲುಂಡ್ ಈಸ್ಟ್:
ನನ್ನ ಮಗ 2015ರಲ್ಲಿ ಆರನೇ ಸೀಸನ್ ಬಂದಾಗ ಐದನೇ ಕ್ಲಾಸು. ನಾವಿಬ್ರೂ ಕೂತು ನೋಡ್ತಿದ್ವಿ. ದೆವ್ವದ ಮುಖ ಬಂದ್ರೆ ಅವನಿಗೆ ಏನೂ ಅನ್ನಿಸ್ತಿರ್ಲಿಲ್ಲ, "ಅಮ್ಮಾ ಅದು ಕಂಪ್ಯೂಟರಲ್ಲಿ ಮಾಡಿದ್ದು, ಕುತ್ತಿಗೆ ಹತ್ರ ಅಂಚು ಕಾಣುತ್ತೆ ನೋಡು" ಅಂತ ನನಗೇ ಪಾಠ ಹೇಳ್ತಿದ್ದ. ಒಂದು ಸಲ ಮಾತ್ರ ಹೆದರಿದ. ಒಂದು ಹುಡುಗಿ ಕನ್ನಡಿ ಮುಂದೆ ತಲೆ ಬಾಚ್ಕೋತಾ ಇರ್ತಾಳೆ, ಅವಳು ಬಾಚಣಿಗೆ ಕೆಳಗಿಟ್ಟ ಮೇಲೂ ಕನ್ನಡಿಯೊಳಗಿನವಳು ಬಾಚ್ತಾನೇ ಇರ್ತಾಳೆ. ರಕ್ತ ಇಲ್ಲ, ಕಿರುಚಾಟ ಇಲ್ಲ. ಅದು ಆಹಟಲ್ಲೇ ನೋಡಿದ್ದಾ ಬೇರೆ ಯಾವುದರಲ್ಲೋ ಅಂತ ಈಗ ನಾವಿಬ್ರೂ ವಾದ ಮಾಡ್ತೀವಿ, ಆದ್ರೆ ಹದಿನೈದು ದಿನ ಅವನು ಬಾತ್‌ರೂಮ್ ಕನ್ನಡಿ ಮೇಲೆ ಟವೆಲ್ ಹಾಕಿ ಹಲ್ಲುಜ್ಜಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿ ಈಗಿನ ಮಕ್ಕಳು ಹೆದರಲ್ಲ ಅಂತ ಯಾರೂ ಹೇಳ್ಬೇಡಿ. ಅವರನ್ನ ಹೆದರಿಸೋಕೆ ತಾಳ್ಮೆ ಬೇಕು ಅಷ್ಟೇ.

ವಾಸ್ಕೋ ಗದಗ:
ನಾವು ಗೋವಾದವ್ರು ಅಂದ್ರ ವಾಸ್ಕೋ, ಮೂಲ ಗದಗ ಜಿಲ್ಲಾ. ನಮ್ಮಪ್ಪ ಕಟ್ಟಡ ಕೆಲಸಕ್ಕ ಬಂದಾಂವ. ಮಾಲಕಿ ಒಬ್ಬಾಕಿ ಗೋವಾದ ಮುದುಕಿ ಇದ್ಲು, ಅಕಿ ಮನ್ಯಾಗ ಟೀವಿ, ನಾವು ಹೊರಗ ಕಿಡಕ್ಯಾಗ ನಿಂತು ನೋಡಾವ್ರು, ಒಂದಿನ ಮಳ್ಯಾಗ ತೋಯ್ದಿದ್ದು ನೋಡಿ ಒಳಗ ಕರದ್ಲು, ಆವತ್ತಿಂದ ಒಳಗ. ಕರೆಂಟ್ ಹೋದ್ರ ಅಕಿ ಮೇಣಬತ್ತಿ ಹಚ್ಚಿ ದೇವಚಾರನ ಕಥಿ ಹೇಳತಿದ್ಲು. ಅಂವ ಊರಿನ ಗಡಿ ಕಾಯಾಂವ, ರಾತ್ರಿ ಕೋಲು ಹಿಡಕೊಂಡು ತಿರಗತಾನಂತ, ಅಂವಗ ರೊಟ್ಟಿ ಬೀಡಿ ಇಡ್ತಾರ. ದಾರಿ ತಪ್ಪಿದಾವ್ರನ್ನ ಮನೀ ತನಕ ಬಿಟ್ಟ ಹೋಗ್ತಾನಂತ. ಕಟಪಾಡಿ ಅಣ್ಣಾರು ಹೇಳಿದಂಗ, ಇಲ್ಲೂ ಅಂವಗ ಕೈ ಮುಗೀತಾರ. ಅಕಿ ಹೇಳೂ ಮುಂದ ನನಗ ಹೆದರಿಕಿ ಬರ್ತಿದ್ದಿಲ್ಲ, ಟೀವಿ ಮತ್ತ ಚಾಲೂ ಆದ ಕೂಡ್ಲೆ ಬರ್ತಿತ್ತು. ಈಗ ನೋಡಿದ್ರ ಕಾನ್ಸಾವಲಿ ಗುಡ್ಡದ ಮ್ಯಾಲಿನ ಚರ್ಚಿಗೆ ರಾತ್ರಿ ರಾತ್ರಿ ಹುಡುಗ್ರು ಗಾಡಿ ತಗೊಂಡು ರೀಲ್ಸ್ ಮಾಡಾಕ ಹೋಗ್ತಾರ, ಹಾಂಟೆಡ್ ಅಂತ. ಅದು ಪ್ರತಿ ವರ್ಷ ಜನವರಿ 6ಕ್ಕ ಮೂರು ರಾಜರ ಹಬ್ಬ ನಡೆಯೂ ಜಾಗ, ಮೂರು ಊರಿನ ಹುಡುಗ್ರು ಕಿರೀಟ ಇಟ್ಕೊಂಡು ಕುದುರಿ ಮ್ಯಾಲೆ ಬರ್ತಾರ. ನೋಡಾಕ ಹೋಗೂದಾದ್ರ ಆವತ್ತು ಹೋಗ್ರಿ.

ಮಾಲಾಡ್ ಕ್ಯಾಟರಿಂಗ್:
ನನ್ನ ಮಾವನದ್ದು ಶೂಟಿಂಗ್ ಕ್ಯಾಟರಿಂಗ್, ಮಢ್ ಐಲ್ಯಾಂಡ್ ಬಂಗಲೆಗಳಿಗೆ ಊಟ ತಗೊಂಡು ಹೋಗೋದು. ಕಾಲೇಜು ರಜೇಲಿ ನಾನೂ ಹೋಗ್ತಿದ್ದೆ. ಯಾವ ಸೀರಿಯಲ್ ಅಂತ ಹೇಳಲ್ಲ, ಇದೇ ಥರದ್ದು ಒಂದು ಹಾರರ್. ಅಲ್ಲಿ ದೆವ್ವದ ಪಾರ್ಟ್ ಮಾಡೋ ಹುಡುಗಿಗೆ ಪೂರ್ತಿ ಬಿಳೀ ಲೆನ್ಸ್ ಹಾಕಿದ್ರು. ಅದು ಹಾಕಿದ್ರೆ ಅವರಿಗೆ ಹೆಚ್ಚುಕಮ್ಮಿ ಏನೂ ಕಾಣಲ್ಲ. ಸ್ಪಾಟ್ ಬಾಯ್ ಒಬ್ಬ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಮಾರ್ಕ್ ಮೇಲೆ ಕಾಲು ಇಡಿಸಿ, ಕ್ಯಾಮೆರಾ ಯಾವ ಕಡೆ ಅಂತ ಗಲ್ಲ ತಿರುಗಿಸಿ ತೋರಿಸಿ ಪಕ್ಕಕ್ಕೆ ಸರೀತಿದ್ದ. ಲೆನ್ಸ್ ತುಂಬಾ ಹೊತ್ತು ಇಟ್ರೆ ಕಣ್ಣು ಉರಿ, ನೀರು ಸುರಿಯೋದು, ಮೇಕಪ್ ಹಾಳು, ಮತ್ತೆ ಬಳಿಯೋದು. ಒಂದು ಬಾಗಿಲು ತೆಗೆದು ನೋಡೋ ಶಾಟಿಗೆ ರಾತ್ರಿ ಎರಡು ಗಂಟೆವರೆಗೆ ನಿಂತಿದ್ರು. ನಾನು ಕೊಟ್ಟ ಚಹಾ ಲೋಟ ಎಲ್ಲಿದೆ ಅಂತ ಗಾಳೀಲಿ ಕೈ ಆಡಿಸಿದ್ರು, ನಾನು ಅವರ ಎರಡೂ ಕೈಯೊಳಗೆ ಇಟ್ಟೆ. ಆಮೇಲೆ ಆ ಎಪಿಸೋಡ್ ಟೀವೀಲಿ ನೋಡಿದಾಗ ಎಲ್ಲಾ ಗೊತ್ತಿದ್ದೂ ಬಾಗಿಲು ತೆರೆದಾಗ ನನಗೆ ಎದೆ ಧಸಕ್ ಅಂತು. ಹಾಗಾಗಿ ಗ್ರಾಫಿಕ್ಸ್ ಚೀಪು, ಮೇಕಪ್ ಚೀಪು ಅಂತ ಜನ ಕಾಮೆಂಟ್ ಹಾಕಿದಾಗ ನನಗೆ ಬೇಜಾರಾಗುತ್ತೆ. ವಾರಕ್ಕೊಂದು ಹೊಸ ಕಥೆ, ಹೊಸ ಆರ್ಟಿಸ್ಟು, ಹೊಸ ಮನೆ, ದಿನಾ ಬರೋ ಅತ್ತೆ ಸೊಸೆ ಸೀರಿಯಲ್ಲಿಗೆ ಒಂದು ಸೆಟ್ ಹಾಕಿದ್ರೆ ವರ್ಷ ನಡೆಯುತ್ತೆ, ಇವರಿಗೆ ಆ ಅನುಕೂಲ ಇಲ್ಲ.

ಸೌಂಡ್ ಅಂಧೇರಿ:
ಇದು ಸರಿಯಾದ ಮಾತು. ಆದ್ರೆ ಆ ಕಷ್ಟದಲ್ಲೇ ಇದರ ಗುಟ್ಟೂ ಇದೆ. ದಿನದ ಸೀರಿಯಲಲ್ಲಿ ಹೀರೋಯಿನ್ ಬಾವಿಗೆ ಬಿದ್ರೂ ನಾಳೆ ಎದ್ದು ಬರ್ತಾಳೆ ಅಂತ ನಮಗೆ ಗೊತ್ತು. ವಾರಕ್ಕೊಂದು ಕಥೆ ಇರೋ ಕಡೆ ಯಾರಿಗೂ ಆ ರಕ್ಷಣೆ ಇಲ್ಲ, ಇವತ್ತು ಪರಿಚಯ ಆದವರು ಇವತ್ತೇ ಸಾಯ್ಬಹುದು, ಮಗುವೂ ಉಳೀದೆ ಇರ್ಬಹುದು. ನೋಡೋನು ಕೈಯಲ್ಲಿ ಏನೂ ಹಿಡ್ಕೊಳ್ಳೋಕೆ ಇಲ್ದೆ ಕೂರ್ತಾನೆ.

ಕಟಪಾಡಿ ಟು ಕಾಂದಿವಲಿ:
ರಾಮ್ಸೆಯವರ ಬಗ್ಗೆ ಇಂಡಿಯವರು ಹೇಳಿದ್ರಲ್ಲ, ಅವರ ತಂದೆಯದ್ದು ಕರಾಚಿಯಲ್ಲಿ ರೇಡಿಯೋ ಅಂಗಡಿ, ವಿಭಜನೆ ಆದ ಮೇಲೆ ಇಲ್ಲಿಗೆ ಬಂದು ಲ್ಯಾಮಿಂಗ್ಟನ್ ರೋಡಲ್ಲಿ ಅಂಗಡಿ ಹಾಕಿದ್ದು. ಏಳು ಜನ ಗಂಡು ಮಕ್ಕಳು, ಒಬ್ಬ ಕ್ಯಾಮೆರಾ, ಒಬ್ಬ ಸೌಂಡ್, ಒಬ್ಬ ಎ‌ಡಿಟಿಂಗ್, ಎಲ್ಲಾ ಮನೆಯೊಳಗೆ ಹಂಚಿಕೊಂಡದ್ದು. ನಮ್ಮ ಹೋಟೆಲಿನವರ ಹಾಗೇ, ಅಣ್ಣ ಗಲ್ಲಾ, ತಮ್ಮ ಅಡಿಗೆ, ಭಾವ ಮಾರ್ಕೆಟು. ಮತ್ತೆ ನಮ್ಮವರದ್ದು ಒಂದು ನೆನಪು ಮಾಡಬೇಕು, 1990ರ ಸುಮಾರಿಗೆ ದೂರದರ್ಶನದಲ್ಲಿ ಗುಡ್ಡದ ಭೂತ ಬಂದಿತ್ತು, ಮಾಡಿದ್ದು ಸದಾನಂದ ಸುವರ್ಣರು, ಮುಂಬೈ ಕನ್ನಡ ನಾಟಕದಲ್ಲಿ ದುಡಿದ ಮನುಷ್ಯ, ಅದರಲ್ಲಿ ನಟಿಸಿದ ಪ್ರಕಾಶ್ ರೈ ಆವಾಗ ಇನ್ನೂ ಹೊಸಬ. ಅದು ವಾರಕ್ಕೊಂದು ಕಥೆಯದ್ದಲ್ಲ, ಒಂದೇ ಕಥೆ, ಆದ್ರೆ ಅದರ ಟೈಟಲ್ ಹಾಡು ಶುರು ಆದ್ರೆ ನಮ್ಮ ವಠಾರದ ಮಕ್ಕಳೆಲ್ಲಾ ಅಜ್ಜಿಯ ಸೆರಗಿನೊಳಗೆ. ಸುವರ್ಣರು 2024ರಲ್ಲಿ ತೀರಿಹೋದರು. ಅವರನ್ನು ನೆನೆಸದೆ ಈ ಮಾತು ಮುಗಿಸುವುದು ಸರಿಯಲ್ಲ.

ಮಾಟುಂಗಾ ಅಕ್ಕ:
ಅಯ್ಯೋ ಆ ಹಾಡು! ನೀವು ಬರೆದ ತಕ್ಷಣ ಕಿವೀಲಿ ಬಂತು. ಇವತ್ತು ರಾತ್ರಿ ಹೋಗಲ್ಲ ಅದು.

ಪರೇಲ್ ಮೂರನೇ ಮಹಡಿ:
ಎಲ್ಲರಿಗೂ ಥ್ಯಾಂಕ್ಸ್, ಇಷ್ಟೆಲ್ಲಾ ಬರೀತೀರಿ ಅಂದ್ಕೊಂಡಿರ್ಲಿಲ್ಲ. ನಿನ್ನೆ ಶನಿವಾರ, ಸೌಂಡ್ ಅವರು ಹೇಳಿದ್ದು ನೋಡೋಣ ಅಂತ ಟೀವೀಲಿ ಯೂಟ್ಯೂಬ್ ಹಾಕಿ ವಾಲ್ಯೂಮ್ ತೀರಾ ಕಮ್ಮಿ ಇಟ್ಟು, ಲೈಟ್ ಆರಿಸಿ, ಅಮ್ಮನ ಜೊತೆ ಕೂತು ಎರಡು ಎಪಿಸೋಡ್ ನೋಡಿದೆ. ಅಮ್ಮನಿಗೆ ಈಗ 68. ಚಾಳು ಒಡೆದು ಟವರ್ ಆಯ್ತು, ನಾವು ಡೊಂಬಿವಲಿಗೆ ಬಂದು ಹದಿನೈದು ವರ್ಷ. ಇಲ್ಲಿ ನೆಲ ಟೈಲ್ಸು, ಯಾರು ನಡೆದ್ರೂ ಸದ್ದಿಲ್ಲ.

ಅಮ್ಮ ಪೂರ್ತಿ ನೋಡಿದ್ರು, ಮಧ್ಯದಲ್ಲಿ ಒಂದು ಸಲ ನನ್ನ ಮೊಣಕೈ ಹಿಡ್ಕೊಂಡ್ರು. ಮುಗಿದ ಮೇಲೆ ನಾನು ಕೇಳ್ದೆ, ಅಮ್ಮಾ ಚಾಳಲ್ಲಿ ನಾನು ಸಂಡಾಸಿಗೆ ಹೋದಾಗ ನೀವು ಹಾಡ್ತಾ ನಿಂತಿರ್ತಿದ್ರಲ್ಲ, ಅದು ಕೇಳ್ತಿದ್ರೆ ನನಗೆ ಎಷ್ಟು ಧೈರ್ಯ ಬರ್ತಿತ್ತು ಗೊತ್ತಾ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ "ನಿನಗೋಸ್ಕರ ಅಲ್ಲ ಮಗ. ಒಳಗೆ ಕತ್ತಲೆ ಖೋಲಿ, ನಿಮ್ಮ ಅಪ್ಪ ಬಂದಿರ್ತಿರ್ಲಿಲ್ಲ, ಬೆನ್ನು ಹಿಂದೆ ಬಾಗಿಲು ತೆರೆದಿರೋದು, ನನಗೇ ಹೆದರಿಕೆ ಆಗ್ತಿತ್ತು. ನೀನು ಬೇಗ ಬರ್ಲಿ ಅಂತ ಹಾಡ್ತಿದ್ದೆ" ಅಂದ್ರು.

ಹಡಪ್ಸರ್ ನೈಟ್ ಶಿಫ್ಟ್:
ಅಣ್ಣ ಯಾವ ಎರಡು ಎಪಿಸೋಡ್ ನೋಡಿದ್ರಿ? ಲಿಂಕ್ ಹಾಕಿ. ಇವತ್ತು ಶಿಫ್ಟ್ ಇಲ್ಲ, ಅಕ್ಕನೂ ಊರಿಂದ ಬಂದಿದಾಳೆ.